ಇನ್ಫೋಸಿಸ್ ಮೇಲೋ, ಸತ್ಯಂ ಮೇಲೋ?

ಸಾಫ್ಟ್‌ವೇರ್ ಕಂಪನಿಗಳ ಶೇರುಗಳ ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಕ್ರಿಕೆಟ್ ಅಭಿಮಾನಿಗಳ ಜಗಳದಂತಿರುತ್ತದೆ. ಇನ್ಫೋಸಿಸ್ ಮೇಲೋ, ಸತ್ಯಂ ಮೇಲೋ ಎಂಬ ವಾದವೂ ಹೀಗೆಯೇ ಸಾಗಿತ್ತು. ಒಬ್ಬರು ಬೆಳವಣಿಗೆಯ ವೇಗ ತೋರಿಸಿದರೆ ಇನ್ನೊಬ್ಬರು ಲಾಭದ ಪ್ರಮಾಣ ತೋರಿಸುತ್ತಿದ್ದರು. ಆದರೆ ಇಬ್ಬರ ಕೈಯಲ್ಲಿದ್ದದ್ದೂ ಕಂಪನಿಗಳೇ ಕೊಟ್ಟ ಅಂಕಿಗಳು.

2009ರ ಜನವರಿ 7ರಂದು ಸತ್ಯಂ ಅಧ್ಯಕ್ಷ ರಾಮಲಿಂಗ ರಾಜು ಬರೆದ ಪತ್ರ ಈ ವಾದದ ಬುಡವನ್ನೇ ಅಲುಗಾಡಿಸಿತು. 2008ರ ಸೆಪ್ಟೆಂಬರ್‌ಗೆ ಕೊನೆಗೊಂಡ ಮೂರು ತಿಂಗಳಲ್ಲಿ 649 ಕೋಟಿ ರೂಪಾಯಿ ಎಂದು ತೋರಿಸಿದ್ದ ವಹಿವಾಟಿನ ಲಾಭ ನಿಜದಲ್ಲಿ 61 ಕೋಟಿ ಮಾತ್ರ. ಶೇಕಡಾ 24 ಎಂದು ನಂಬಿಸಿದ್ದ ಲಾಭದ ಪ್ರಮಾಣ ಬರೀ 3. ಇಲ್ಲದ 5,040 ಕೋಟಿ ನಗದು ಲೆಕ್ಕದಲ್ಲಿತ್ತು. ಅದೇ ದಿನ ಶೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕುಸಿಯಿತು.

ಕಂಪನಿಯ ಲೆಕ್ಕಕ್ಕೆ ಹೆಸರಾಂತ ಲೆಕ್ಕಪರಿಶೋಧಕರ ಸಹಿಯಿತ್ತು. ಹಾಗಾದರೆ ಸಣ್ಣ ಉಳಿತಾಯಗಾರ ಮಾಡಬೇಕಿದ್ದದ್ದೇನು? ಒಂದು ಸುಳಿವಂತೂ ಇತ್ತು. 2008ರ ಡಿಸೆಂಬರಿನಲ್ಲಿ ರಾಜು ಕುಟುಂಬದ ಮೇಟಾಸ್ ಕಂಪನಿಗಳನ್ನು ಸತ್ಯಂ ಹಣದಿಂದ ಕೊಳ್ಳುವ ತೀರ್ಮಾನವಾಗಿತ್ತು. ಹೂಡಿಕೆದಾರರು ಸಿಡಿದೆದ್ದಾಗ ಅದು ಕೆಲವೇ ಗಂಟೆಗಳಲ್ಲಿ ಬಿದ್ದುಹೋಯಿತು. ಯಾವ ಶೇರು ಮೇಲು ಎಂಬುದಲ್ಲ, ಯಾರ ಹಣ ಯಾರ ಜೇಬಿಗೆ ಹೋಗುತ್ತಿದೆ ಎಂಬ ಪ್ರಶ್ನೆಯೇ ಅಂದು ಕೆಲಸಕ್ಕೆ ಬಂತು. ಚರ್ಚೆ ಅಲ್ಲಿಂದ ಶುರುವಾಗಬೇಕು.