ಲೋಪವೂ ಪ್ರಕ್ಷೇಪವೂ: ಒಂದು ಜೀರ್ಣ ಚಿತ್ರದ ವಿಮರ್ಶೆ

ಮುತ್ತಜ್ಜನು ತೀರಿಹೋಗಿ 36 ವರ್ಷಗಳಾದ ಮೇಲೆ ಹುಟ್ಟಿದ ಮರಿಮಗನು ಆ ಮುತ್ತಜ್ಜನ ಸಮ್ಮುಖದಲ್ಲಿಯೇ ಇರುವ ಚಿತ್ರವೊಂದು ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿದೆ. ‘ತೈಮೂರ ವಂಶದ ರಾಜಕುಮಾರರು’ ಎಂಬುದು ಅದರ ಹೆಸರು. 1913ರಲ್ಲಿ ಅದು ಆ ಸಂಗ್ರಹವನ್ನು ಸೇರಿತು. ಮೊಗಲರ ಚಿತ್ರಗಳು ಸಾಮಾನ್ಯವಾಗಿ ಕೈಯಲ್ಲಿ ಹಿಡಿದು ನೋಡತಕ್ಕ ಕಾಗದದ ಹಾಳೆಗಳು. ಇದಾದರೋ ಹತ್ತಿಯ ಬಟ್ಟೆಯ ಮೇಲೆ ಬರೆದದ್ದು, ಒಂದೊಂದು ಪಕ್ಕವೂ ಒಂದು ಮೀಟರಿಗಿಂತ ಹೆಚ್ಚು. ಸುಮಾರು 1550–55ರಲ್ಲಿ ಹುಮಾಯೂನನ ಆಸ್ಥಾನಕ್ಕಾಗಿ ಪಾರಸಿಕ ಪದ್ಧತಿಯಲ್ಲಿ ಪಳಗಿದ ಕೈಗಳು ಇದನ್ನು ರಚಿಸಿದವು. ಉದ್ಯಾನದ ನಡುವೆ ಒಂದು ಮಂಟಪ, ಅದರಲ್ಲಿ ದೊರೆ, ಇಕ್ಕೆಲಗಳಲ್ಲಿ ರಾಜಕುಮಾರರ ಸಾಲು, ಉಪಚಾರಕ್ಕೆ ನಿಂತ ಪರಿಚಾರಕರು: ಇದು ಚಿತ್ರದ ವಸ್ತು.

ಇಂದು ಅದರ ಸ್ಥಿತಿ ಶೋಚನೀಯ. ಅಂಚುಗಳು ಹೋಗಿವೆ, ಬಟ್ಟೆ ಅಲ್ಲಲ್ಲಿ ಹರಿದಿದೆ, ಬಣ್ಣ ಉದುರಿದೆ. ಬಟ್ಟೆ ಬಾಗುತ್ತದೆ, ಒಣಗಿದ ಬಣ್ಣ ಬಾಗಲಾರದು. ಇಂಥ ಚಿತ್ರಗಳಿಗೆ ಅಪಾಯ ಹುಟ್ಟಿನಲ್ಲಿಯೇ ಇದೆ. ನಾನು ಕಂಡಿರುವುದು ಇದರ ಅಚ್ಚಿನ ಪ್ರತಿಯನ್ನು ಮಾತ್ರ. ಪುಟದ ಅಳತೆಗೆ ಕುಗ್ಗಿದಾಗಲೂ ಈ ಹಾನಿ ಮರೆಯಾಗದು.

ಇಂಥ ಕೃತಿಯ ಮುಂದೆ ವಿಮರ್ಶಕನಿಗೆ ಎರಡು ಸುಲಭದ ದಾರಿಗಳುಂಟು: ಹಾಳಾಯಿತೆಂದು ಬದಿಗೆ ಸರಿಸುವುದು, ಇಲ್ಲವೆ ಇಲ್ಲದುದನ್ನು ಕಲ್ಪಿಸಿಕೊಂಡು ಹೊಗಳುವುದು. ಎರಡೂ ಸಲ್ಲವು. ಗೆದ್ದಲು ತಿಂದ ಓಲೆಯ ಪ್ರತಿಯನ್ನು ನಮ್ಮ ಗ್ರಂಥಸಂಪಾದಕರು ಹೇಗೆ ಓದುವರೋ ಹಾಗೆಯೇ ಇದನ್ನೂ ಓದಬೇಕು. ಅಕ್ಷರ ಹೋದೆಡೆ ಅವರು ಚುಕ್ಕಿಯಿಟ್ಟು ಲೋಪವೆನ್ನುತ್ತಾರೆ. ತರುವಾಯ ಬೇರೊಬ್ಬರು ಸೇರಿಸಿದುದನ್ನು ಪ್ರಕ್ಷೇಪವೆನ್ನುತ್ತಾರೆ.

ಈ ಚಿತ್ರದಲ್ಲಿ ಎರಡೂ ಇವೆ. ಹುಮಾಯೂನನು ಮಡಿದದ್ದು 1556ರಲ್ಲಿ. ಮೊಮ್ಮಗ ಜಹಾಂಗೀರನು ಹುಟ್ಟಿದ್ದು 1569ರಲ್ಲಿ, ಮರಿಮಗ ಖುರ್ರಮನು, ಎಂದರೆ ಮುಂದಿನ ಷಾಜಹಾನನು, 1592ರಲ್ಲಿ. ಹಾಗಿದ್ದೂ ಅಕ್ಬರನೊಡನೆ ಇವರಿಬ್ಬರೂ ಮಂಟಪದಲ್ಲಿ ಕಾಣಿಸಿಕೊಂಡಿದ್ದಾರೆ. ಇದು ಮುಂದಿನ ತಲೆಮಾರಿನ ಕುಂಚದ ಕೆಲಸ. ತನ್ನ ಸಿಂಹಾಸನಕ್ಕೆ ತೈಮೂರನ ರಕ್ತವೇ ಆಧಾರವೆಂದು ಸಾರಬಯಸಿದ ಆಸ್ಥಾನವು ಹಳೆಯ ಚಿತ್ರವನ್ನು ವಂಶಾವಳಿಯಾಗಿ ಮಾಡಿಕೊಂಡಿತು.

ಕಲೆಯ ದೃಷ್ಟಿಯಿಂದ ಇದು ನಷ್ಟವೆಂದೇ ನನ್ನ ಅಭಿಪ್ರಾಯ. ಮೊದಲ ರಚನೆಯಲ್ಲಿ ದೃಷ್ಟಿ ಉದ್ಯಾನವನ್ನೆಲ್ಲ ಸುತ್ತಿ ಬರಬಹುದಾಗಿತ್ತು. ಈಗ ಅದು ಮಂಟಪದ ನಾಲ್ಕು ತಲೆಮಾರುಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಗೋಷ್ಠಿಗೆ ಬಂದವರು ಬರಿಯ ಸಾಕ್ಷಿಗಳಾಗುತ್ತಾರೆ. ಆದರೆ ಪ್ರಕ್ಷೇಪವನ್ನು ಕೆರೆದು ತೆಗೆಯಬೇಕೆ? ಕೂಡದು. ಅದರ ಕೆಳಗೆ ಮೂಲವು ಕ್ಷೇಮವಾಗಿ ಕಾದಿದೆಯೆಂಬ ಭರವಸೆ ಯಾರಿಗಿದೆ? ಅಲ್ಲದೆ ಆ ಸೇರ್ಪಡೆಗೂ ಈಗ ಸುಮಾರು 400 ವರ್ಷಗಳಾಗಿವೆ. ಹುಮಾಯೂನನ ಗೋಷ್ಠಿಯ ವಿಷಯದಲ್ಲಿ ಅದು ಸುಳ್ಳು ಸಾಕ್ಷಿ. ಜಹಾಂಗೀರನ ಕಾಲದ ಆಸೆಯ ವಿಷಯದಲ್ಲಿ ನಿಜ ಸಾಕ್ಷಿ.

ಜೀರ್ಣವೆಂಬ ಕಾರಣಕ್ಕೆ ವಿದ್ವಾಂಸರು ಇದನ್ನು ಬಿಡಲಿಲ್ಲ. 1994ರಲ್ಲಿ ಶೀಲಾ ಕ್ಯಾನ್‌ಬಿಯವರ ಸಂಪಾದಕತ್ವದಲ್ಲಿ ಇದನ್ನೇ ಕೇಂದ್ರವಾಗಿಟ್ಟುಕೊಂಡ ಗ್ರಂಥವೊಂದು ಹೊರಬಂದಿತು.

ಉಪಾಧ್ಯಾಯ ಮಿತ್ರರು ಇದರ ಪ್ರತಿಯನ್ನು ತರಗತಿಯಲ್ಲಿ ತೋರಿಸಲಿ. ಹರಿದ ಎಡೆಯಲ್ಲಿ ಏನಿತ್ತೆಂದು ಕೇಳಿದರೆ ಜಾಣ ಹುಡುಗರು ಕುದುರೆ, ಕಾರಂಜಿ, ಸೈನಿಕ ಎಂದು ಒಂದಾದಮೇಲೊಂದು ಹೇಳಿಯಾರು. ‘ಅಲ್ಲಿ ಏನೂ ಕಾಣುವುದಿಲ್ಲ ಸಾರ್’ ಎಂದು ಹೇಳುವ ಹುಡುಗನಿಗೆ ಪೂರ್ಣ ಅಂಕ ಕೊಡಬೇಕು.