ಹೊನ್ನೆಯ ಚೇಗು ಮತ್ತು ಮಧುಮೇಹ: ಒಂದು ಪರೀಕ್ಷೆಯ ಪರಾಮರ್ಶೆ

ಮಧುಮೇಹಕ್ಕೆ ದೇಶೀಯ ಮದ್ದುಗಳ ಪ್ರಸ್ತಾಪ ಬಂದಾಗಲೆಲ್ಲ ಹೊನ್ನೆಯ (ಟೆರೊಕಾರ್ಪಸ್ ಮಾರ್ಸುಪಿಯಮ್) ಹೆಸರು ಕೇಳಿಬರುತ್ತದೆ. ಸಂಸ್ಕೃತದಲ್ಲಿ ಅಸನ, ಬೀಜಕ ಎಂದೂ ಹಿಂದಿಯಲ್ಲಿ ವಿಜಯಸಾರ ಎಂದೂ ಕರೆಯಲಾಗುವ ಈ ಮರದ ಚೇಗಿನಿಂದ ಕಡೆದ ಲೋಟದಲ್ಲಿ ರಾತ್ರಿ ನೀರಿಟ್ಟು ಬೆಳಿಗ್ಗೆ ಕುಡಿಯುವ ರೂಢಿಯಿದೆ. ಇದಕ್ಕೆ ಶಾಸ್ತ್ರದ ಆಧಾರವೂ ವಿಜ್ಞಾನದ ಮುದ್ರೆಯೂ ಉಂಟೆಂದು ಹೇಳಲಾಗುತ್ತದೆ. ಎರಡನ್ನೂ ಮೂಲದಲ್ಲಿಯೇ ನೋಡುವುದು ಅವಶ್ಯ.

ಸುಶ್ರುತನ ಸಾಲಸಾರಾದಿ ಗಣದಲ್ಲಿ ಅಸನವಿದೆ. ವಾಗ್ಭಟನಲ್ಲಿ ಅದರ ಹೆಸರಿನದೇ ಒಂದು ಗಣವಿದೆ. ಎರಡೂ ಪ್ರಮೇಹಹರವೆಂದು ಉಕ್ತವಾಗಿವೆ. ಆದರೆ ಎರಡೆಡೆಯಲ್ಲಿಯೂ ಅಸನವು ಹಲವು ದ್ರವ್ಯಗಳ ನಡುವಿನ ಒಂದು ದ್ರವ್ಯ. ಪ್ರಮೇಹವಾದರೋ 20 ಬಗೆಯದು. ಮಧುಮೇಹ ಅವುಗಳಲ್ಲಿ ಒಂದು ಮಾತ್ರ. ಗಣಕ್ಕೆ ಹೇಳಿದ ಗುಣವನ್ನು ಒಂಟಿ ಮರಕ್ಕೆ ಆರೋಪಿಸುವುದು ಶಾಸ್ತ್ರವನ್ನು ಓದುವ ಕ್ರಮವಲ್ಲ.

ವಿಜ್ಞಾನದ ಮುದ್ರೆಯೆಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನಡೆಸಿ 1998ರಲ್ಲಿ ಪ್ರಕಟಿಸಿದ ಪರೀಕ್ಷೆ. ಹೊಸದಾಗಿ ಮಧುಮೇಹ ಪತ್ತೆಯಾದ 97 ರೋಗಿಗಳಲ್ಲಿ 67 ಮಂದಿಗೆ, ಅಂದರೆ ಶೇಕಡ 69ರಷ್ಟು ಜನರಿಗೆ, 12 ವಾರಗಳಲ್ಲಿ ರಕ್ತದ ಸಕ್ಕರೆ ಹತೋಟಿಗೆ ಬಂದಿತು. ಉಪವಾಸದ ಗ್ಲೂಕೋಸಿನ ಸರಾಸರಿ ಡೆಸಿಲೀಟರಿಗೆ 151 ಮಿಲಿಗ್ರಾಂನಿಂದ 32ರಷ್ಟು, ಊಟದ ನಂತರದ್ದು 216ರಿಂದ 45ರಷ್ಟು ಇಳಿಯಿತು. ಈ ಶೇಕಡ 69 ಎಂಬ ಅಂಕಿಯೇ ಮುಂದೆ ಎಲ್ಲೆಡೆ ಉದ್ಧೃತವಾಯಿತು. ಅದೇ ವರದಿಯ ಇನ್ನೊಂದು ಅಂಕಿ ಅಷ್ಟಾಗಿ ಉದ್ಧೃತವಾಗಲಿಲ್ಲ: ಎರಡು ಮೂರು ತಿಂಗಳ ಸಕ್ಕರೆಯ ಮಟ್ಟವನ್ನು ಸೂಚಿಸುವ ಎಚ್‌ಬಿಎ1ಸಿ ಸರಾಸರಿ 9.8ರಿಂದ 9.4ಕ್ಕೆ ಮಾತ್ರ ಇಳಿದಿತ್ತು. ಈ ಮಾಪನ ನಿಧಾನವಾಗಿ ಬದಲಾಗುವಂಥದೆಂಬುದನ್ನು ಒಪ್ಪಿದರೂ, 7ರ ಆಸುಪಾಸನ್ನು ಗುರಿಯಾಗಿಟ್ಟುಕೊಳ್ಳುವ ಚಿಕಿತ್ಸೆಯಲ್ಲಿ 9.4 ಹತೋಟಿಯೆನಿಸದು.

ಇದಕ್ಕಿಂತ ಮುಖ್ಯವಾದುದು ಪರೀಕ್ಷೆಯ ರಚನೆ. ಹೋಲಿಕೆಗೆ ಮತ್ತೊಂದು ಗುಂಪು ಇರಲಿಲ್ಲ. ರೋಗ ಆಗಷ್ಟೇ ಪತ್ತೆಯಾದವರು ಪಥ್ಯಕ್ಕೆ ತೊಡಗಿದರೆ ಅಷ್ಟರಿಂದಲೇ ಸಕ್ಕರೆ ಇಳಿಯುವುದುಂಟು; ಇಳಿಕೆಯಲ್ಲಿ ಪಥ್ಯದ ಪಾಲೆಷ್ಟು, ಹೊನ್ನೆಯ ಪಾಲೆಷ್ಟು ಎಂದು ಬೇರ್ಪಡಿಸಲು ಇಲ್ಲಿ ದಾರಿಯಿಲ್ಲ. ಪ್ರಮಾಣವನ್ನು 2 ಗ್ರಾಂನಿಂದ 4 ಗ್ರಾಂವರೆಗೆ ಅಗತ್ಯವಿದ್ದಂತೆ ಏರಿಸಲಾಯಿತು. ಹತೋಟಿಗೆ ಬಂದವರಲ್ಲಿ ಶೇಕಡ 73ರಷ್ಟು ಮಂದಿಗೆ 2 ಗ್ರಾಂ ಸಾಕಾಯಿತು. ಇದು ಮದ್ದಿನ ಶಕ್ತಿಯ ಸೂಚನೆಯೂ ಆಗಬಹುದು, ಮದ್ದೇ ಬೇಕಿರಲಿಲ್ಲವೆಂಬುದರ ಸೂಚನೆಯೂ ಆಗಬಹುದು. 2005ರಲ್ಲಿ ಪ್ರಕಟವಾದ ದ್ವಿಗುಪ್ತ ಪರೀಕ್ಷೆಯಲ್ಲಿ ಟಾಲ್‌ಬ್ಯುಟಮೈಡ್ ಗುಳಿಗೆಯೊಂದಿಗೆ ಹೋಲಿಸಿದುದು ಸ್ವಾಗತಾರ್ಹ ಮುನ್ನಡೆ. ಹುಸಿಮದ್ದಿನ ಗುಂಪು ಅಲ್ಲಿಯೂ ಇರಲಿಲ್ಲ.

ಇದಕ್ಕೂ ಹಿಂದೆ, 1981ರಲ್ಲಿ, ಹೊನ್ನೆಯಲ್ಲಿರುವ ಎಪಿಕ್ಯಾಟೆಚಿನ್ ಇಲಿಗಳ ಮೇದೋಜೀರಕದ ಬೀಟಾ ಕೋಶಗಳನ್ನು ಮತ್ತೆ ಹುಟ್ಟಿಸುತ್ತದೆಂಬ ವರದಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂದಿತ್ತು. ಮರುವರ್ಷ ಅದೇ ಪತ್ರಿಕೆಯಲ್ಲಿ ಬೇರೊಂದು ತಂಡ ಅಂತಹ ಪರಿಣಾಮ ಕಾಣಲಿಲ್ಲವೆಂದು ಬರೆಯಿತು. ಜನಪ್ರಿಯ ಬರಹಗಳಲ್ಲಿ ಮೊದಲನೆಯದು ಉಳಿದುಕೊಂಡಿದೆ.

ಪರೀಕ್ಷೆಗೊಳಗಾದುದು ತೂಕ ಮಾಡಿ ಕೊಟ್ಟ ಸಾರ, ಲೋಟದ ನೀರಲ್ಲ. ನೀರಿಗೆ ಎಷ್ಟು ಸಾರ ಇಳಿಯುತ್ತದೆಂಬುದು ಲೋಟದ ವಯಸ್ಸು, ನೆನೆಯುವ ಹೊತ್ತುಗಳನ್ನು ಅವಲಂಬಿಸಿದೆ. ಇದನ್ನು ನಂಬಿ ಗುಳಿಗೆ, ಇನ್ಸುಲಿನ್ ಬಿಟ್ಟವರಿಗೆ 1998ರ ವರದಿ ಯಾವ ಭರವಸೆಯನ್ನೂ ಕೊಡುವುದಿಲ್ಲ. ಅಂಥವರು ಆ ಪರೀಕ್ಷೆಯಲ್ಲಿ ಇರಲೇ ಇಲ್ಲ.

ಹೆಸರಿನ ತೊಡಕೂ ಇದೆ. ನಮ್ಮ ಕರಾವಳಿಯಲ್ಲಿ ಹೊನ್ನೆಯೆಂದರೆ ಬೀಜದಿಂದ ದೀಪದೆಣ್ಣೆ ತೆಗೆಯುವ ಕ್ಯಾಲೊಫಿಲಮ್ ಇನೊಫಿಲಮ್ ಎಂಬ ಬೇರೆಯೇ ಮರ. ಹಿಂದಿಯ 'ಅಸನ್' ನಮ್ಮ ಮತ್ತಿ. ಆದ್ದರಿಂದ ಯಾವುದೇ ಹೊಸ ಪರೀಕ್ಷೆ ಮೊದಲು ತನ್ನ ಕೈಯಲ್ಲಿರುವ ಚೆಕ್ಕೆ ಯಾವ ಮರದ್ದೆಂದು ಸಸ್ಯಸಂಗ್ರಹದ ಮಾದರಿಯೊಡನೆ ದಾಖಲಿಸಬೇಕು. ಎಲೆಯ ಮದ್ದಾದರೆ ಗಿಡ ಮತ್ತೆ ಚಿಗುರುತ್ತದೆ. ಚೇಗಿಗೆ ಬಲಿತ ಮರವನ್ನೇ ಕಡಿಯಬೇಕು, ಮತ್ತು ಪಶ್ಚಿಮ ಘಟ್ಟದ ಕಾಡುಗಳಲ್ಲಿ ಹೊನ್ನೆ ಮೊದಲೇ ಮರಮುಟ್ಟಿಗಾಗಿ ಕೊಡಲಿಗೆ ತುತ್ತಾದ ಜಾತಿ.