‘ತಾರೆ ಜಮೀನ್ ಪರ್’ ತೋರಿಸದ ಲೆಕ್ಕ

2007ರ ಡಿಸೆಂಬರಿನಲ್ಲಿ ತೆರೆಕಂಡ ಆಮೀರ್ ಖಾನರ ‘ತಾರೆ ಜಮೀನ್ ಪರ್’ ಹಿಂದೀ ಚಿತ್ರವು ಡಿಸ್ಲೆಕ್ಸಿಯಾ ಎಂಬ ಶಬ್ದವನ್ನು ಮನೆಮನೆಗೆ ತಲಪಿಸಿತು. ಬುದ್ಧಿಯಲ್ಲಿ ಕೊರತೆಯಿಲ್ಲದ ಮಗುವಿಗೂ ಅಕ್ಷರ ಕೈಗೆ ಹತ್ತದಿರಬಹುದು, ಅದು ಸೋಮಾರಿತನವಲ್ಲ, ಹೊಡೆತ ಅದಕ್ಕೆ ಮದ್ದೂ ಅಲ್ಲ ಎಂಬುದನ್ನು ಇಶಾನ್ ಎಂಬ ಬಾಲಕನ ಮೂಲಕ ಅದು ಮನಗಾಣಿಸಿತು. ಚಿತ್ರದ ಮೊದಲರ್ಧ, ಅದರಲ್ಲೂ ತಂದೆಯ ಕೋಪ, ಸತ್ಯಕ್ಕೆ ಬಹಳ ಹತ್ತಿರವಾಗಿದೆ.

ದೋಷವಿರುವುದು ಪರಿಹಾರದಲ್ಲಿ. ನಿಕುಂಭನೆಂಬ ಕಲಾಶಿಕ್ಷಕನು ದೈವಯೋಗದಿಂದ ಬರುತ್ತಾನೆ, ತಾನೇ ಗುರುತಿಸುತ್ತಾನೆ, ತಾನೇ ಕಲಿಸುತ್ತಾನೆ. ಕೊನೆಗೆ ಹುಡುಗನು ಚಿತ್ರಕಲಾ ಸ್ಪರ್ಧೆಯಲ್ಲಿ ಗೆದ್ದು ಎಲ್ಲರ ಮೆಚ್ಚುಗೆ ಪಡೆಯುತ್ತಾನೆ. ಓದಲೂ ಬಾರದ, ಚಿತ್ರ ಬರೆಯಲೂ ಬಾರದ ಮಗುವಿನ ಗತಿಯೇನು? ಕುಂದಕುಂದಾಚಾರ್ಯರು ‘ಭಾವಪಾಹುಡ’ದಲ್ಲಿ ಸ್ಮರಿಸುವ ಶಿವಭೂತಿ ಮುನಿಗೆ ಗುರುವಿನ ಪಾಠ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವೆಂದು ಕಥೆಯಿದೆ, ಉಳಿದದ್ದು ‘ತುಷ-ಮಾಷ’ ಎಂಬ ಉದ್ದಿನ ಹೊಟ್ಟು-ಬೇಳೆಯ ಮಾತು ಮಾತ್ರ. ಕೇವಲಜ್ಞಾನ ಪಡೆಯಲು ಆತನು ಯಾವ ಸ್ಪರ್ಧೆಯನ್ನೂ ಗೆಲ್ಲಬೇಕಾಗಿರಲಿಲ್ಲ.

ಇಶಾನನು ಓದುವುದು ಶುಲ್ಕ ತೆರುವವರ ವಸತಿಶಾಲೆಯಲ್ಲಿ. ಆದ್ದರಿಂದ ಹಣದ ಪ್ರಶ್ನೆ ಏಳುವುದೇ ಇಲ್ಲ. ಅದೇ ಕಥೆಯನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಘಟ್ಟದ ಶಾಲೆಯೊಂದಕ್ಕೆ ತಂದು ನೋಡಬೇಕು. ಅಲ್ಲಿ ಒಬ್ಬಿಬ್ಬರು ಶಿಕ್ಷಕರೇ ಎಲ್ಲ ತರಗತಿಗಳನ್ನೂ ತೂಗಿಸುತ್ತಾರೆ. ಪರೀಕ್ಷೆಗಾಗಿ ಬೆಂಗಳೂರಿನ ನಿಮ್ಹಾನ್ಸಿಗೆ ಹೋಗಬೇಕೆಂದರೆ ಶಿರಸಿಯಿಂದ ಸುಮಾರು 400 ಕಿಲೋಮೀಟರು. ಹುಬ್ಬಳ್ಳಿಯಾದರೂ ಸುಮಾರು 100. ಅಡಿಕೆ ತೋಟದ ಕೂಲಿಯವನು ಮಗುವನ್ನು ಕರೆದೊಯ್ದರೆ ಬಸ್ಸಿನ ಖರ್ಚಿನೊಡನೆ ದಿನದ ಕೂಲಿಯೂ ಹೋಗುತ್ತದೆ. ಒಂದೇ ಭೇಟಿಗೆ ಕೆಲಸ ಮುಗಿಯುವುದೂ ಅಪರೂಪ.

ಚಿತ್ರ ಬಂದಾಗ ಜಾರಿಯಲ್ಲಿದ್ದ 1995ರ ಅಂಗವಿಕಲರ ಅಧಿನಿಯಮದಲ್ಲಿ ಈ ನ್ಯೂನತೆಗೆ ಸ್ಥಾನವೇ ಇರಲಿಲ್ಲವೆಂಬುದನ್ನು ನ್ಯಾಯವಾಗಿ ಹೇಳಬೇಕು. 2016ರ ಅಧಿನಿಯಮವು ಸ್ಥಾನ ಕೊಟ್ಟಿತು. ಅದರ 16ನೆಯ ಪ್ರಕರಣದಂತೆ, ಸರಕಾರದ ಅನುದಾನ ಅಥವಾ ಮಾನ್ಯತೆಯುಳ್ಳ ಶಾಲೆಗಳು ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಪತ್ತೆಹಚ್ಚಿ ತಕ್ಕ ಬೋಧನೆ ಒದಗಿಸಬೇಕು. ಹಣವೆಷ್ಟು? 2018ರಲ್ಲಿ ಆರಂಭವಾದ ಸಮಗ್ರ ಶಿಕ್ಷಾ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಮಗುವೊಂದಕ್ಕೆ ವರ್ಷಕ್ಕೆ 3500 ರೂಪಾಯಿಯವರೆಗೆ. ತಿಂಗಳಿಗೆ 300 ರೂಪಾಯಿಯೂ ಬೀಳದು. ಅದಕ್ಕಿಂತ ದೊಡ್ಡ ತೊಡಕೆಂದರೆ, ತಲೆಯೆಣಿಕೆಯ ಅನುದಾನಕ್ಕೆ ಮೊದಲು ತಲೆ ಎಣಿಕೆಯಾಗಬೇಕು. ಗುರುತಿಸಲ್ಪಡದ ಮಗು ಲೆಕ್ಕದಲ್ಲಿಲ್ಲ, ಲೆಕ್ಕದಲ್ಲಿಲ್ಲದ ಮಗುವಿಗೆ ಹಣವಿಲ್ಲ, ಹಣವಿಲ್ಲದೆ ಗುರುತಿಸುವವರಿಲ್ಲ.

ಸಾಧನವಂತೂ ಇದೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರವು 2015ರಲ್ಲಿ ಹೊರತಂದ ‘ಡಾಲಿ’ ಪರೀಕ್ಷಾ ಸರಣಿಯು ಕನ್ನಡದಲ್ಲಿಯೂ ಇದೆ. ಅದು ಸಾರ್ವಜನಿಕರ ತೆರಿಗೆಯ ಹಣದಿಂದಲೇ ಆದದ್ದು. ಅದನ್ನು ಬಳಸಲು ತರಬೇತಾದ ಒಬ್ಬರು ಪ್ರತಿ ತಾಲೂಕಿನ ಶಾಲೆಗಳಿಗೆ ಸುತ್ತುವಷ್ಟು ವೆಚ್ಚವನ್ನು ಸರಕಾರವು ಮಕ್ಕಳ ಎಣಿಕೆಗೆ ಕಾಯದೆ ಮೊದಲೇ ಭರಿಸಬೇಕು. ಬಸದಿಯ ಟ್ರಸ್ಟುಗಳು ಬಸ್ಸಿನ ಖರ್ಚು ಕೊಡಬಹುದು, ಕೊಡಲಿ. ಆದರೆ ಅವುಗಳ ಜ್ಞಾನದಾನವೂ ಸಾಮಾನ್ಯವಾಗಿ ಹೆಚ್ಚು ಅಂಕ ಪಡೆದವರ ಬಹುಮಾನಕ್ಕೇ ಸಲ್ಲುತ್ತಿದೆ.